ತಾನಾಗಿ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕಾರಣ ಮತ್ತು ಪತ್ತೆ

ಮೇಜಿನ ಕಂಪ್ಯೂಟರ್ ಯಾರೂ ಹೇಳದೆ, ಯಾವ ಮುನ್ಸೂಚನೆಯನ್ನೂ ಕೊಡದೆ, ಕೆಲಸದ ನಡುವೆ ಆರಿ ಮತ್ತೆ ಮೊದಲಿನಿಂದ ಶುರುವಾಗುವ ದೋಷ. ರೂಢಿಯಲ್ಲಿ ‘ಸಿಸ್ಟಂ ರೀಸ್ಟಾರ್ಟ್ ಆಗ್ತಾ ಇದೆ’ ಎಂದೇ ಹೇಳುತ್ತಾರೆ. ಇದೊಂದು ಲಕ್ಷಣ. ಇದರ ಹಿಂದಿನ ಕಾರಣಗಳು ಬೀದಿಯ ಟ್ರಾನ್ಸ್‌ಫಾರ್ಮರಿನ ಸಡಿಲ ನ್ಯೂಟ್ರಲ್ ತಂತಿಯಿಂದ ಹಿಡಿದು ಮದರ್‌ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರಿನವರೆಗೆ, ಧೂಳು ಕಟ್ಟಿದ ಫ್ಯಾನಿನಿಂದ ವಿಂಡೋಸ್‌ನ ಡ್ರೈವರಿನವರೆಗೆ ಹರಡಿವೆ. ಸ್ಥಿರವಾದ ವಿದ್ಯುತ್ತು ಇರುವ ನಗರದ ಕಚೇರಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಗಳು ಪತ್ತೆಯನ್ನು ಯಂತ್ರದ ಒಳಗಿನಿಂದ ಆರಂಭಿಸುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಆ ಕ್ರಮ ತಿರುಗಬೇಕು. ಮೊದಲು ಗೋಡೆಯ ಪ್ಲಗ್ಗು, ಅರ್ಥಿಂಗು, ಇನ್ವರ್ಟರು. ಆಮೇಲೆ ಕ್ಯಾಬಿನೆಟ್ಟಿನ ಸ್ಕ್ರೂ. ಫಾರ್ಮ್ಯಾಟ್ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಈ ದೋಷ ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ನಾಡಕಚೇರಿ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ, ಪತ್ತಿನ ಸಹಕಾರ ಸಂಘ, ಶಾಲೆಯ ಲ್ಯಾಬು, ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಎಲ್ಲವೂ ಒಂದೋ ಎರಡೋ ಮೇಜಿನ ಕಂಪ್ಯೂಟರುಗಳ ಮೇಲೆ ನಿಂತಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ ಅರ್ಧ ತುಂಬಿರುವಾಗ ಯಂತ್ರ ಆರಿದರೆ ಒಟಿಪಿಯ ಅವಧಿ ಮುಗಿಯುತ್ತದೆ, ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆ. ಮಾರ್ಟಳ್ಳಿಯಿಂದಲೋ ಲೊಕ್ಕನಹಳ್ಳಿಯಿಂದಲೋ ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದವರು ‘ನಾಳೆ ಬನ್ನಿ’ ಎನ್ನಿಸಿಕೊಂಡು ಹಿಂದಿರುಗುತ್ತಾರೆ. ಆದ್ದರಿಂದ ಕಾರಣವನ್ನು ಸರಿಯಾಗಿ ಹುಡುಕುವುದು ಊರಿನ ಕೆಲಸವೇ ಆಗಿದೆ.

ಸೀಮೆ ಮತ್ತು ಕರೆಂಟು

ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಹನೂರು ಕೊಳ್ಳೇಗಾಲದಿಂದ ಬಿಡಿಸಿಕೊಂಡು ತಾಲ್ಲೂಕಾದದ್ದು 2018ರಲ್ಲಿ. ಈ ಸೀಮೆಯ ಅಂಚಿನಲ್ಲೇ ಭಾರತದ ವಿದ್ಯುತ್ ಚರಿತ್ರೆಯ ದೊಡ್ಡ ಅಧ್ಯಾಯವೊಂದು ಇದೆ. ಕಾವೇರಿ ಶಿವನಸಮುದ್ರದಲ್ಲಿ ಎರಡು ಕವಲಾಗಿ ಧುಮುಕುತ್ತದೆ. ಭರಚುಕ್ಕಿ ಕೊಳ್ಳೇಗಾಲದ ಬದಿಗೆ, ಗಗನಚುಕ್ಕಿ ಮಳವಳ್ಳಿಯ ಬದಿಗೆ. ಅಲ್ಲಿನ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸತೊಡಗಿತು. 1905ರಲ್ಲಿ ಬೆಂಗಳೂರಿನ ದೀಪಗಳು ಅದೇ ವಿದ್ಯುತ್ತಿನಿಂದ ಹೊತ್ತಿಕೊಂಡವು. ಇಂದು ಮೂರು ತಾಲ್ಲೂಕುಗಳಿಗೂ ವಿದ್ಯುತ್ ಹಂಚುವುದು ಮೈಸೂರಿನಲ್ಲಿ ಕೇಂದ್ರವಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜನರ ಬಾಯಲ್ಲಿ ಸೆಸ್ಕ್. ಹಳಬರಿಗೆ ಈಗಲೂ ಕೆಇಬಿ.

ಕಂಪ್ಯೂಟರಿನ ದೃಷ್ಟಿಯಿಂದ ಮುಖ್ಯವಾದದ್ದು ಈ ವಿದ್ಯುತ್ತು ಕೊನೆಯ ಕಂಬದವರೆಗೆ ಹೇಗೆ ಬರುತ್ತದೆ ಎನ್ನುವುದು. ಯಳಂದೂರಿನ ಬಯಲು, ಕೊಳ್ಳೇಗಾಲದ ನೀರಾವರಿ ಹಳ್ಳಿಗಳು ಒಂದು ಬಗೆ. ರಾಮಾಪುರ, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟದತ್ತ, ಅಥವಾ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟದತ್ತ ಕಾಡಿನೊಳಗೆ ಏರುವ ಲೈನುಗಳು ಇನ್ನೊಂದು ಬಗೆ. ಉದ್ದನೆಯ ಲೈನು ಎಂದರೆ ಹೆಚ್ಚು ಪ್ರತಿರೋಧ, ಹೆಚ್ಚು ಜೋಡಣೆ, ಹೆಚ್ಚು ಮರದ ಕೊಂಬೆ. ಕೊಂಬೆ ತಂತಿಗೆ ತಾಗಿ ಬಿಟ್ಟರೆ ದೀಪ ಒಮ್ಮೆ ಮಿಣುಕುತ್ತದೆ ಅಷ್ಟೆ. ಕಂಪ್ಯೂಟರಿಗೆ ಅಷ್ಟು ಸಾಕು.

ಈ ಜಿಲ್ಲೆಗೆ ಮಳೆ ಎರಡು ಸುತ್ತಿನಲ್ಲಿ ಜೋರಾಗಿ ಬರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು, ಸಿಡಿಲಿನ ಮಳೆ ಒಂದು. ಅಕ್ಟೋಬರ್–ನವೆಂಬರ್‌ನ ಹಿಂಗಾರು ಇನ್ನೊಂದು. ರಿಪೇರಿಗೆ ಬರುವ ಯಂತ್ರಗಳನ್ನು ಈ ಎರಡು ಹೊತ್ತಿನ ಲೆಕ್ಕದಲ್ಲಿ ನೋಡಿದರೆ ಹಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮೊದಲನೆಯದರಲ್ಲಿ ಬಿಸಿಲು ಮತ್ತು ಸಿಡಿಲು ಒಟ್ಟಿಗೆ ಹೊಡೆಯುತ್ತವೆ. ಎರಡನೆಯದರಲ್ಲಿ ಬೇಸಗೆಯಿಡೀ ಕೂತ ಧೂಳು ತೇವ ಹೀರುತ್ತದೆ.

ಆರಿದ್ದು ಹೇಗೆ?

ಪತ್ತೆಯ ಮೊದಲ ಪ್ರಶ್ನೆ ಇದು. ಬಳಸುವವರು ಎಲ್ಲವನ್ನೂ ‘ರೀಸ್ಟಾರ್ಟ್’ ಎಂದೇ ಹೇಳುತ್ತಾರೆ, ಆದರೆ ಆರುವುದರಲ್ಲಿ ಕನಿಷ್ಠ ಮೂರು ಬಗೆಗಳಿವೆ. ಪರದೆ ಕಪ್ಪಾಗಿ, ಫ್ಯಾನಿನ ಸದ್ದು ಪೂರ್ತಿ ನಿಂತು, ಮತ್ತೆ ಶುರುವಾದರೆ ವಿದ್ಯುತ್ ಕಡಿದಿದೆ ಎಂದು ಮೊದಲು ಊಹಿಸಬೇಕು. ಫ್ಯಾನು ನಿಲ್ಲದೆ ಪರದೆ ಮಾತ್ರ ಹೋಗಿ ಬಂದರೆ ಮದರ್‌ಬೋರ್ಡು ರೀಸೆಟ್ ಆಗಿದೆ. ನೀಲಿ ಪರದೆ ಕ್ಷಣ ಹೊತ್ತು ಮಿಂಚಿ ಹೋದರೆ, ಅಥವಾ ‘ರೀಸ್ಟಾರ್ಟಿಂಗ್’ ಎಂಬ ಬರಹ ಬಂದು ಆರಿದರೆ, ವಿಂಡೋಸ್ ತಾನೇ ನಿರ್ಧರಿಸಿ ಮರುಚಾಲನೆ ಮಾಡಿದೆ. ಆರಿ ಮತ್ತೆ ಹೊತ್ತಿಕೊಳ್ಳದೆ ಹಾಗೇ ಉಳಿದರೆ ಅದು ಬೇರೆ ದೋಷ. ಹೆಚ್ಚಾಗಿ ಬಿಸಿ ಅಥವಾ ಎಸ್‌ಎಂಪಿಎಸ್, ಅಂದರೆ ಯಂತ್ರದೊಳಗಿನ ವಿದ್ಯುತ್ ಡಬ್ಬಿ. ಒಂದು ಎಚ್ಚರ: ವಿಂಡೋಸ್‌ಗೂ ಮೊದಲು ಓಡುವ ಬಯೋಸ್‌ನಲ್ಲಿ ಕರೆಂಟು ಹೋಗಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ. ಅದು ಚಾಲೂ ಇದ್ದರೆ ಬರೀ ಕರೆಂಟು ಕಡಿತವೂ ರೀಸ್ಟಾರ್ಟ್‌ನಂತೆ ಕಾಣುತ್ತದೆ.

ಎರಡನೆಯ ಪ್ರಶ್ನೆ: ಆರಿದ ಗಳಿಗೆಯಲ್ಲಿ ಬೇರೆ ಏನು ನಡೆಯುತ್ತಿತ್ತು? ಪ್ರಿಂಟ್ ಕೊಟ್ಟಿದ್ದರೇ? ಪಕ್ಕದ ವೆಲ್ಡಿಂಗ್ ಅಂಗಡಿ ಶುರುವಾಗಿತ್ತೇ? ದೀಪ ಮಂಕಾಯಿತೇ? ಯುಪಿಎಸ್ ಟಕ್ ಎಂದಿತೇ? ಕಂಪ್ಯೂಟರಿನ ಪಕ್ಕ ಒಂದು ನೋಟ್‌ಪುಸ್ತಕ ಇಟ್ಟು ಒಂದು ವಾರ ಗಂಟೆ, ನಿಮಿಷ, ಮಾಡುತ್ತಿದ್ದ ಕೆಲಸ, ದೀಪದ ಸ್ಥಿತಿ ಬರೆದಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಯಾವ ದುಬಾರಿ ಉಪಕರಣವೂ ಈ ಪುಸ್ತಕದಷ್ಟು ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯ ಸಾಕ್ಷಿ ಯಂತ್ರದೊಳಗೇ ಇದೆ. ವಿಂಡೋಸ್‌ನ ‘ಇವೆಂಟ್ ವ್ಯೂವರ್’ ಪ್ರತಿ ಘಟನೆಯನ್ನೂ ಗಂಟೆ, ನಿಮಿಷದ ಸಮೇತ ದಾಖಲಿಸುತ್ತದೆ. ಅಲ್ಲಿ ‘ಕರ್ನೆಲ್ ಪವರ್ 41’ ಎಂದಿದ್ದರೆ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಆರಿದೆ ಎಂದಷ್ಟೇ ಅರ್ಥ. ಅದನ್ನೇ ಕಾರಣವೆಂದು ಓದುವುದು ಬಹಳ ಸಾಮಾನ್ಯವಾದ ತಪ್ಪು. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಸೊನ್ನೆ ಇದ್ದರೆ ವಿದ್ಯುತ್ತು, ಎಸ್‌ಎಂಪಿಎಸ್, ರೀಸೆಟ್ ಕಡೆ ನೋಡಬೇಕು. ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ಜೊತೆಗೆ 1001 ಸಂಖ್ಯೆಯ ದಾಖಲೆ ಇದ್ದರೆ, ನೀಲಿ ಪರದೆ ಬಂದಿದೆ. ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ ಹೋಗಬೇಕು. 1074 ಎಂದಿದ್ದರೆ ಯಾವುದೋ ತಂತ್ರಾಂಶ ಕೇಳಿಯೇ ರೀಸ್ಟಾರ್ಟ್ ಮಾಡಿಸಿದೆ, ಅದರ ಹೆಸರೂ ಅಲ್ಲೇ ಇರುತ್ತದೆ. ಬಹುತೇಕ ಅದು ವಿಂಡೋಸ್ ಅಪ್‌ಡೇಟ್. ‘ವೀಯಾ ಲಾಗರ್’ ಎಂಬ ಹೆಸರು ಕಂಡರೆ ಪ್ರೊಸೆಸರ್ ಅಥವಾ ಬೋರ್ಡಿನ ಯಂತ್ರಾಂಶವೇ ದೂರು ಹೇಳಿದೆ.

ನೀಲಿ ಪರದೆ ಬಂದೊಡನೆ ತಾನಾಗಿ ರೀಸ್ಟಾರ್ಟ್ ಆಗುವಂತೆ ವಿಂಡೋಸ್ ಮೊದಲಿನಿಂದಲೇ ಹೊಂದಿಸಿರುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ಈ ಆಯ್ಕೆಯ ಟಿಕ್ ಗುರುತನ್ನು ತೆಗೆದರೆ ಪರದೆ ನಿಂತುಕೊಳ್ಳುತ್ತದೆ, ಫೋನಿನಲ್ಲಿ ಫೋಟೋ ಹಿಡಿಯಬಹುದು. ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಗೋಡೆಯಿಂದ ಕ್ಯಾಬಿನೆಟ್ಟಿನವರೆಗೆ

ಮನೆ ಮತ್ತು ಅಂಗಡಿಗೆ ಬರಬೇಕಾದ್ದು 230 ವೋಲ್ಟ್, 50 ಹರ್ಟ್ಜ್. 1956ರ ಭಾರತೀಯ ವಿದ್ಯುತ್ ನಿಯಮಗಳು ಇಂಥ ಸರಬರಾಜಿಗೆ ನೂರಕ್ಕೆ 6ರಷ್ಟು ಏರಿಳಿತವನ್ನು ಮಾತ್ರ ಒಪ್ಪಿದ್ದವು. ಲೈನಿನ ತುದಿಯಲ್ಲಿರುವ ಹಳ್ಳಿಯಲ್ಲಿ ಮಲ್ಟಿಮೀಟರ್ ಇಟ್ಟು ಸಂಜೆ ನೋಡಿದರೆ ಕಾಣುವ ಅಂಕಿ ಬೇರೆಯೇ ಇರಬಹುದು. ಅಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಎಲ್ಲ ಮನೆಗಳ ದೀಪ ಹೊತ್ತಿದ ಮೇಲೆ ಒಮ್ಮೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಟ್ಟಾಗ ಒಮ್ಮೆ ಮಾಡಬೇಕು.

ಈ ಕೊನೆಯ ಹೊತ್ತು ಇಲ್ಲಿನ ಕೃಷಿಯೊಡನೆ ನೇರ ಕೂಡಿಕೊಂಡಿದೆ. ಬೋರ್‌ವೆಲ್ ಮೋಟರುಗಳಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ತ್ರೀ ಫೇಸ್ ಬಂದೊಡನೆ ತೋಟದ ಮೋಟರುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಎದ್ದೇಳುತ್ತವೆ. ಮೋಟರು ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಮನೆಗಳೂ ಇದ್ದರೆ ವೋಲ್ಟೇಜು ಕುಸಿದು ಒಂದೆರಡು ಸೆಕೆಂಡಿನಲ್ಲಿ ಚೇತರಿಸಿಕೊಳ್ಳುತ್ತದೆ. ಹಳ್ಳಿಗಳ ಮನೆ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಲು ರಾಜ್ಯದಲ್ಲಿ ‘ನಿರಂತರ ಜ್ಯೋತಿ’ ಯೋಜನೆ ಬಂದದ್ದು ಇದಕ್ಕೆ ದೊಡ್ಡ ಪರಿಹಾರ. ತೋಟದ ಮನೆಗಳು, ಪಂಪ್‌ಸೆಟ್ ಲೈನಿನಿಂದಲೇ ಕರೆಂಟು ಪಡೆಯುವ ಒಂಟಿ ಕಟ್ಟಡಗಳು ಈ ಪರಿಹಾರದ ಹೊರಗೆ ಉಳಿಯುತ್ತವೆ. ದಿನವೂ ಒಂದೇ ಹೊತ್ತಿಗೆ ಯಂತ್ರ ಆರುತ್ತಿದ್ದರೆ ತ್ರೀ ಫೇಸ್ ಕೊಡುವ ವೇಳೆಯನ್ನು ಲೈನ್‌ಮನ್ ಬಳಿ ಕೇಳಿ ಹೋಲಿಸಬೇಕು. ರೇಷ್ಮೆ ನೇಯ್ಗೆಗೆ ಹೆಸರಾದ ಕೊಳ್ಳೇಗಾಲ ಪಟ್ಟಣದಲ್ಲಿ ವೋಲ್ಟೇಜು ಕುಸಿಸುವ ಇದೇ ಕೆಲಸವನ್ನು ವಿದ್ಯುತ್ ಮಗ್ಗ, ಹಿಟ್ಟಿನ ಮಿಲ್ಲು, ವೆಲ್ಡಿಂಗ್ ಯಂತ್ರ ಮಾಡಬಲ್ಲವು.

ಲೋ ವೋಲ್ಟೇಜಿಗಿಂತ ಅಪಾಯಕಾರಿಯಾದದ್ದು ನ್ಯೂಟ್ರಲ್ ಸಡಿಲವಾಗುವುದು. ಟ್ರಾನ್ಸ್‌ಫಾರ್ಮರಿನ ಬಳಿ ಅಥವಾ ಕಂಬದ ಮೇಲೆ ನ್ಯೂಟ್ರಲ್ ಜೋಡಣೆ ಸುಟ್ಟರೆ ಒಂದು ಮನೆಯ ದೀಪ ಮಂಕಾಗಿ, ಪಕ್ಕದ ಮನೆಯದು ಕಣ್ಣು ಕುಕ್ಕುವಂತೆ ಉರಿಯುತ್ತದೆ. ಒಂದು ಫೇಸಿನ ಮೇಲೆ ವೋಲ್ಟೇಜು 400ರ ಹತ್ತಿರಕ್ಕೂ ಹೋಗಬಹುದು. ಹೀಗೆ ಕಂಡೊಡನೆ ಮೈನ್ ಸ್ವಿಚ್ ತೆಗೆದು ಸೆಸ್ಕ್‌ಗೆ ದೂರು ಕೊಡಬೇಕು. ಕಂಪ್ಯೂಟರ್ ರಿಪೇರಿ ಆಮೇಲಿನ ಮಾತು.

ಅರ್ಥಿಂಗು ಹಳ್ಳಿ ಕಟ್ಟಡಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಸಿಕ್ಕ ಭಾಗ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥ್ ಇಲ್ಲವೆಂದೇ ತಿಳಿಯಬಹುದು. ಎಸ್‌ಎಂಪಿಎಸ್‌ನ ಬಾಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಕರೆಂಟನ್ನು ಚಾಸಿಗೆ ಬಿಡುತ್ತವೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ಟು ಮೇನ್ಸ್‌ನ ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ. ಆಗ ಪೆನ್‌ಡ್ರೈವ್ ಸಿಕ್ಕಿಸಿದಾಗ, ಪ್ರಿಂಟರಿನ ಕೇಬಲ್ ಮುಟ್ಟಿದಾಗ ಯಂತ್ರ ರೀಸೆಟ್ ಆಗುವುದು ಸಹಜ. ಪರೀಕ್ಷೆ ಸುಲಭ: ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್ ನಡುವಿನ ವೋಲ್ಟೇಜು ಮತ್ತು ಫೇಸ್–ಅರ್ಥ್ ನಡುವಿನದು ಹೆಚ್ಚುಕಡಿಮೆ ಒಂದೇ ಇರಬೇಕು, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇರಬಾರದು. ಇದ್ದಿಲು, ಉಪ್ಪು ಹಾಕಿ ಹೂಳಿದ ಅರ್ಥ್ ಪೈಪಿನ ಸುತ್ತಲಿನ ಮಣ್ಣು ಬೇಸಗೆಯಲ್ಲಿ ಒಣಗಿ ಕೆಲಸ ಬಿಡುತ್ತದೆ. ಆ ಗುಂಡಿಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹಾಕುವುದು ಯಾವ ಶಾಲೆಗೂ ಪಂಚಾಯಿತಿಗೂ ಭಾರವಲ್ಲ, ಹಾಗಿದ್ದೂ ಆ ಗುಂಡಿ ಎಲ್ಲಿದೆ ಎಂಬುದೇ ಎಷ್ಟೋ ಕಡೆ ಮರೆತುಹೋಗಿರುತ್ತದೆ.

ಇನ್ನು ಇನ್ವರ್ಟರು. ಮೇಜಿನ ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟು ನಿಂತ ಮೇಲೆ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಸುಮಾರು 16–17 ಮಿಲಿಸೆಕೆಂಡು ತಾಳಿಕೊಳ್ಳುವಂತೆ ವಿನ್ಯಾಸಗೊಂಡಿರುತ್ತದೆ. 50 ಹರ್ಟ್ಜ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡು. ಅಂದರೆ ಒಂದು ಪೂರ್ತಿ ಆವರ್ತ ತಪ್ಪಿದರೂ ಯಂತ್ರ ಬೀಳಬಹುದು. ಕಂಪ್ಯೂಟರಿನ ಯುಪಿಎಸ್ ಬ್ಯಾಟರಿಗೆ ಬದಲಾಗಲು ಹತ್ತು ಮಿಲಿಸೆಕೆಂಡಿನೊಳಗಿನ ಸಮಯ ತೆಗೆದುಕೊಳ್ಳುತ್ತದೆ. ಮನೆಯ ದೀಪ, ಫ್ಯಾನಿಗಾಗಿ ಇಟ್ಟ ಇನ್ವರ್ಟರು ಸಾಧಾರಣ ಮೋಡ್‌ನಲ್ಲಿ ಅದಕ್ಕಿಂತ ಬಹಳ ತಡಮಾಡುತ್ತದೆ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆ ತಿರುಗಿಸಿದ ಮಾತ್ರಕ್ಕೆ ಎಷ್ಟೋ ಗ್ರಾಮ ಕೇಂದ್ರಗಳ ‘ರೀಸ್ಟಾರ್ಟ್ ಪ್ರಾಬ್ಲಂ’ ಮುಗಿಯಬಲ್ಲದು. ಆದರೆ ಆ ಮೋಡ್‌ನಲ್ಲಿ ಇನ್ವರ್ಟರು ಒಪ್ಪುವ ವೋಲ್ಟೇಜಿನ ವ್ಯಾಪ್ತಿ ಕಿರಿದಾಗುತ್ತದೆ: ಸುಮಾರು 180 ವೋಲ್ಟಿಗಿಂತ ಕೆಳಗೆ ಬಂದರೆ ಬ್ಯಾಟರಿಗೆ ಹಾರುತ್ತದೆ. ಸಂಜೆಯಿಡೀ ಲೋ ವೋಲ್ಟೇಜು ಇರುವ ಊರಿನಲ್ಲಿ ಬ್ಯಾಟರಿ ಖಾಲಿಯಾಗಿ, ಯಂತ್ರ ರಾತ್ರಿ ಒಮ್ಮೆಗೇ ಆರುತ್ತದೆ. ಅಂಥ ಕಡೆ ಇನ್ವರ್ಟರಿನ ಮುಂದೆ ಸ್ಟೆಬಿಲೈಜರ್ ಬೇಕು.

ಚೌಕ ತರಂಗದ ಹಳೆಯ ಇನ್ವರ್ಟರುಗಳದು ಬೇರೆ ತೊಡಕು. ಹಳೆಯ ಎಸ್‌ಎಂಪಿಎಸ್ ಇರುವವರೆಗೆ ಎಲ್ಲ ಸರಿಯಿತ್ತು. ಅದು ಸುಟ್ಟು ಹೊಸದು, ಉತ್ತಮ ಗುಣಮಟ್ಟದ್ದು ಹಾಕಿಸಿದ ಮೇಲೆ ಕರೆಂಟು ಹೋದಾಗಲೆಲ್ಲ ಆರತೊಡಗಿತು ಎಂಬ ದೂರು ಬರುವುದುಂಟು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟು ಇರುತ್ತದೆ, ಅವುಗಳಲ್ಲಿ ಕೆಲವಕ್ಕೆ ಚೌಕ ತರಂಗ ಒಗ್ಗುವುದಿಲ್ಲ. ಸೈನ್ ವೇವ್ ಇನ್ವರ್ಟರೇ ಇದಕ್ಕೆ ಉತ್ತರ.

ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ತೀರಾ ಸಾಮಾನ್ಯವಾದ ಕಾರಣ ಲೇಸರ್ ಪ್ರಿಂಟರು. ಸಣ್ಣ ಅಂಗಡಿಯ ಯುಪಿಎಸ್ ಬಹುತೇಕ 600 ವಿಎ. ನಿಜವಾಗಿ ಕೊಡುವ ಶಕ್ತಿ ಸುಮಾರು 360 ವಾಟ್. ಲೇಸರ್ ಪ್ರಿಂಟರಿನ ಒಳಗಿನ ಬಿಸಿ ಉರುಳೆ ಕಾಯುವಾಗ ಅದೊಂದೇ ಅದಕ್ಕಿಂತ ಹೆಚ್ಚು ಎಳೆಯಬಹುದು. ಪ್ರಿಂಟರನ್ನೂ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಪ್ರಿಂಟ್ ಕೊಟ್ಟಾಗಲೇ ಯಂತ್ರ ಬೀಳುತ್ತದೆ. ಗೋಡೆಗೆ ಸಿಕ್ಕಿಸಿದ್ದರೂ ಎರಡೂ ಒಂದೇ ಸಡಿಲ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದರೆ ಅದೇ ಕಥೆ. ಪ್ರಿಂಟರಿಗೆ ಬೇರೆ ಸಾಕೆಟ್ಟು ಕೊಡಬೇಕು. ಯುಪಿಎಸ್ ಪರೀಕ್ಷೆಗೆ ಎಲ್ಲ ಕೆಲಸ ಉಳಿಸಿಟ್ಟು ಗೋಡೆಯ ಸ್ವಿಚ್ ಆರಿಸಿ ನೋಡಿದರೆ ಸಾಕು. ಒಂದು ನಿಮಿಷವೂ ನಿಲ್ಲದಿದ್ದರೆ ಒಳಗಿನ 12 ವೋಲ್ಟ್, 7 ಆಂಪಿಯರ್ ಗಂಟೆಯ ಬ್ಯಾಟರಿ ಸತ್ತಿದೆ. ಈ ಬಿಸಿಲಿನಲ್ಲಿ ಅದರ ಆಯಸ್ಸು ಎರಡು ಮೂರು ವರ್ಷ. ಕೊನೆಯ ಪರೀಕ್ಷೆ: ಯಂತ್ರವನ್ನು ಹಾಗೇ ಎತ್ತಿಕೊಂಡು ಹೋಗಿ ಬೇರೆ ಬೀದಿಯ, ಬೇರೆ ಟ್ರಾನ್ಸ್‌ಫಾರ್ಮರಿನ ಮನೆಯಲ್ಲಿ ಒಂದು ದಿನ ಓಡಿಸುವುದು. ಅಲ್ಲಿ ಆರದಿದ್ದರೆ ಕ್ಯಾಬಿನೆಟ್ ಬಿಚ್ಚುವ ಅಗತ್ಯವೇ ಇಲ್ಲ.

ಎಸ್‌ಎಂಪಿಎಸ್

ಗೋಡೆಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಿಸುವ ಡಬ್ಬಿಗೆ ನಮ್ಮಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯೇ ಇಂದಿಗೂ ಆಧಾರ. ಪ್ರತಿ ವೋಲ್ಟೇಜೂ ನೂರಕ್ಕೆ 5ರೊಳಗೆ ಇರಬೇಕು. 12 ವೋಲ್ಟಿನ ಹಳದಿ ತಂತಿಯಲ್ಲಿ 11.4ಕ್ಕಿಂತ ಕಡಿಮೆ, 12.6ಕ್ಕಿಂತ ಹೆಚ್ಚು ಇರಬಾರದು. ‘ಎಲ್ಲ ಸರಿಯಿದೆ’ ಎಂದು ಬೋರ್ಡಿಗೆ ಹೇಳುವ ಒಂದು ಬೂದು ತಂತಿಯೂ ಇದೆ. ಆ ಸಂಕೇತ ಕ್ಷಣ ಹೊತ್ತು ತಪ್ಪಿದರೂ ಬೋರ್ಡು ತನ್ನನ್ನು ರೀಸೆಟ್ ಮಾಡಿಕೊಳ್ಳುತ್ತದೆ. ಅಡಗಿಕೊಂಡ ಎಷ್ಟೋ ರೀಸ್ಟಾರ್ಟುಗಳ ಮೂಲ ಈ ಒಂದು ತಂತಿ.

ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಕಾಲಕ್ರಮೇಣ ಒಣಗುತ್ತವೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ಶೀಟಿನ ಮಾಡಿನ ಅಂಗಡಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ದುಡಿಯುವ ಎಸ್‌ಎಂಪಿಎಸ್ ಹವಾನಿಯಂತ್ರಿತ ಕಚೇರಿಯದಕ್ಕಿಂತ ಬೇಗ ಮುದಿಯಾಗುವುದು ಇದರಿಂದಲೇ. ವೋಲ್ಟೇಜು ಇಳಿದಾಗ ಅಷ್ಟೇ ಶಕ್ತಿ ಕೊಡಲು ಅದು ಹೆಚ್ಚು ಕರೆಂಟು ಎಳೆಯುತ್ತದೆ, ಇನ್ನಷ್ಟು ಕಾಯುತ್ತದೆ. ಲೋ ವೋಲ್ಟೇಜು ಮತ್ತು ಬಿಸಿ ಹೀಗೆ ಕೈಜೋಡಿಸುತ್ತವೆ. 450 ವಾಟ್ ಎಂದು ಚೀಟಿ ಅಂಟಿಸಿದ ಅಗ್ಗದ ಡಬ್ಬಿಗಳು ಆ ಶಕ್ತಿಯನ್ನು ನಿಜವಾಗಿ ಕೊಡುವುದಿಲ್ಲ. ಕೈಯಲ್ಲಿ ಹಿಡಿದರೆ ಹಗುರವಿರುತ್ತವೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ ಮೇಲೆ ಭರವಸೆ ಇಡಬಾರದು. ಇಡೀ ಯಂತ್ರದಲ್ಲಿ ಕಾಸು ಉಳಿಸಬಾರದ ಭಾಗ ಯಾವುದು ಎಂದು ಕೇಳಿದರೆ ಉತ್ತರ ಇದೇ.

ಪರೀಕ್ಷೆಯ ನೇರ ದಾರಿ, ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಎರಡು ದಿನ ಓಡಿಸುವುದು. ಪೇಪರ್ ಕ್ಲಿಪ್ ಸಿಕ್ಕಿಸಿ ಫ್ಯಾನು ತಿರುಗಿತು ಎಂದು ‘ಓಕೆ’ ಮಾಡುವ ಪದ್ಧತಿಯಿಂದ ಏನೂ ತಿಳಿಯುವುದಿಲ್ಲ. ದೋಷ ಕಾಣುವುದು ಭಾರ ಹಾಕಿದಾಗ. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚುವುದು ಪರಿಣತರಿಗೆ ಬಿಟ್ಟದ್ದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು, ಅದು ಪ್ರಾಣಾಪಾಯ.

ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಬರಿಗಣ್ಣಿನಿಂದ ನೋಡಬಹುದು. ತಲೆ ಉಬ್ಬಿದ್ದರೆ, ಕಂದು ರಸ ಸುರಿದಿದ್ದರೆ ಬೇರೆ ಪತ್ತೆ ಬೇಡ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿನಾದ್ಯಂತ ಹಬ್ಬಿ ಲಕ್ಷಾಂತರ ಬೋರ್ಡುಗಳು ಹೀಗೇ ಸತ್ತವು.

ಬಿಸಿ, ಧೂಳು, ಹುಳ

ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಬಂದಾಗ ಮೊದಲು ವೇಗ ತಗ್ಗಿಸುತ್ತದೆ, ಇನ್ನೂ ಏರಿದರೆ ಜೀವ ಉಳಿಸಿಕೊಳ್ಳಲು ಆರುತ್ತದೆ. ಶುರು ಮಾಡಿದ ಹತ್ತು ಹದಿನೈದು ನಿಮಿಷಕ್ಕೆ ಆರಿ, ತಣಿದ ಮೇಲೆ ಮತ್ತೆ ಅಷ್ಟೇ ಹೊತ್ತು ಓಡುವುದು ಇದರ ಗುರುತು. ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ತಾಪಮಾನ ಕಾಣುತ್ತದೆ.

ಕಪ್ಪು ಗ್ರಾನೈಟಿನ ಕ್ವಾರಿಗಳಿರುವ ಜಿಲ್ಲೆ ಇದು. ರಸ್ತೆಬದಿಯ ಅಂಗಡಿಗಳಿಗೆ ಲಾರಿ ಎಬ್ಬಿಸುವ ಧೂಳು ಸದಾ ಬರುತ್ತದೆ. ಅಂಗಡಿಯ ಪೂಜೆಯ ಧೂಪದ ಹೊಗೆಯ ಅಂಟು ಆ ಧೂಳನ್ನು ಹೀಟ್‌ಸಿಂಕಿನ ರೆಕ್ಕೆಗಳಿಗೆ ಕಂಬಳಿಯಂತೆ ಹೊದಿಸುತ್ತದೆ. ಹಿಂಗಾರಿನ ತೇವದಲ್ಲಿ ಇದೇ ಧೂಳು ಸಣ್ಣಗೆ ಕರೆಂಟು ಹರಿಸುವಷ್ಟಾಗುತ್ತದೆ. ಇರುವೆ ಗೂಡು, ಹಲ್ಲಿ, ಇಲಿ ಕಡಿದ ತಂತಿ ಇವೆಲ್ಲ ಹಳ್ಳಿಯ ಕ್ಯಾಬಿನೆಟ್ಟಿನಲ್ಲಿ ನಿತ್ಯ ಕಾಣುವಂಥವು. ಹಿಂಬದಿಯ ಖಾಲಿ ಸ್ಲಾಟಿನ ತಗಡು ಮುಚ್ಚಿಟ್ಟರೆ ಅರ್ಧ ತಪ್ಪುತ್ತದೆ. ಆಯುಧಪೂಜೆಗೆ ಯಂತ್ರಗಳನ್ನು ಶುಚಿ ಮಾಡುವ ವಾಡಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ದಿನ ಹೊರಗೆ ಒರೆಸಿ ಕುಂಕುಮ ಇಡುವುದಕ್ಕೆ ಮೊದಲು ಕ್ಯಾಬಿನೆಟ್ ಬಿಚ್ಚಿ ಬ್ಲೋವರಿನಲ್ಲಿ ಧೂಳು ಹಾರಿಸಿದರೆ ಹಿಂಗಾರು ಜೋರಾಗುವ ಹೊತ್ತಿಗೆ ಒಳಗು ಸ್ವಚ್ಛವಾಗಿರುತ್ತದೆ. ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ಮಾಡಿದರೆ ಬೇಸಗೆಗೂ ಸಾಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು; ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಬೇಕು.

ಇಂಟೆಲ್ ಕೂಲರುಗಳನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ವಿಶೇಷವಾಗಿ ನೋಡಬೇಕು. ಕೊಳ್ಳೇಗಾಲದಲ್ಲಿ ರಿಪೇರಿಯಾದ ಯಂತ್ರ ಬೈಕಿನ ಹಿಂದೆಯೋ ಬಸ್ಸಿನಲ್ಲೋ ಹನೂರಿನಾಚೆಗೆ ಹೋಗುವಷ್ಟರಲ್ಲಿ ಒಂದು ಪಿನ್ನು ಎದ್ದಿರಬಹುದು, ರ‍್ಯಾಮ್ ಅಲುಗಿರಬಹುದು. ಅಂಗಡಿಯಲ್ಲಿ ಚೆನ್ನಾಗಿ ಓಡಿ ಊರಲ್ಲಿ ಕೆಟ್ಟರೆ ಅಂಗಡಿಯವರನ್ನು ದೂರುವ ಮೊದಲು ಇದನ್ನು ನೋಡುವುದು ನ್ಯಾಯ.

ರ‍್ಯಾಮ್, ಬೋರ್ಡು, ಸಣ್ಣಪುಟ್ಟವು

ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲ ಮೆಕ್ಯಾನಿಕ್ಕರ ಮೊದಲ ಮದ್ದು. ಎಷ್ಟೋ ಸಲ ಫಲಿಸುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ನೋಡಿಕೊಂಡರೆ ಸಾಕು. ಎರಡು ಕಡ್ಡಿಗಳಿದ್ದರೆ ಒಂದೊಂದನ್ನೇ ಹಾಕಿ ಓಡಿಸಬೇಕು. ಉಚಿತವಾಗಿ ಸಿಗುವ ‘ಮೆಮ್‌ಟೆಸ್ಟ್’ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಬೇಡ. ರಾತ್ರಿ ಓಡಿಸುವಾಗ ಕರೆಂಟು ಹೋಗದ ವ್ಯವಸ್ಥೆ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಮುಂಬದಿಯ ರೀಸೆಟ್ ಗುಂಡಿ ಒಳಗೆ ಸಿಕ್ಕಿಕೊಂಡರೆ ಯಂತ್ರ ಮತ್ತೆ ಮತ್ತೆ ಶುರುವಾಗುತ್ತದೆ. ಬೋರ್ಡಿನಿಂದ ಆ ಎರಡು ಪಿನ್ನಿನ ತಂತಿಯನ್ನೇ ಕಿತ್ತಿಟ್ಟು ನೋಡಬೇಕು. ಕಾಸಿಲ್ಲದ ಪರೀಕ್ಷೆ, ಆದರೂ ಹಲವರು ಮರೆಯುತ್ತಾರೆ. ಯುಎಸ್‌ಬಿ ಕಿಂಡಿಯ ಬಾಗಿದ ಪಿನ್ನು, ಬೋರ್ಡಿನ ಅಡಿಗೆ ಉರುಳಿದ ಸ್ಕ್ರೂ ಇದೇ ಗುಂಪಿನವು. ನಾಣ್ಯದ ಗಾತ್ರದ ಸಿಆರ್2032 ಬ್ಯಾಟರಿ ಸತ್ತರೆ ದಿನಾಂಕ ತಪ್ಪುತ್ತದೆ, ಬಯೋಸ್ ಆಯ್ಕೆಗಳು ಮೊದಲಿನಂತಾಗುತ್ತವೆ. ಅದೊಂದೇ ಕಾರಣಕ್ಕೆ ಯಂತ್ರ ನಡುವೆ ಆರುವುದು ಅಪರೂಪ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳಲ್ಲಿ ವೋಲ್ಟೇಜಿನ ದೋಷ ಇದ್ದುದನ್ನು 2024ರಲ್ಲಿ ಕಂಪನಿಯೇ ಒಪ್ಪಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ವಿಡಿಯೊ ಎಡಿಟಿಂಗ್ ಮಾಡುವ ಸ್ಟುಡಿಯೋಗಳಲ್ಲಿ ಅಂಥ ಯಂತ್ರವಿದ್ದರೆ ಬಯೋಸ್ ಹೊಸದೇ ಎಂದು ನೋಡುವುದು ಒಳ್ಳೆಯದು.

ತಂತ್ರಾಂಶ

ತಂತ್ರಾಂಶದ ಕಾರಣದಿಂದ ಜಗತ್ತೇ ರೀಸ್ಟಾರ್ಟ್ ಆದ ಸಂದರ್ಭಗಳಿವೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್, 2004ರಲ್ಲಿ ಸಾಸರ್ ಎಂಬ ವೈರಸ್ ಬಗೆಯ ಹುಳುಗಳು ವಿಂಡೋಸ್ ಎಕ್ಸ್‌ಪಿ ಯಂತ್ರಗಳಲ್ಲಿ 60 ಸೆಕೆಂಡಿನ ಎಣಿಕೆ ತೋರಿಸಿ ಆರಿಸುತ್ತಿದ್ದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ತಪ್ಪು ಕಡತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಯಲ್ಲಿ ನಿಲ್ಲಿಸಿತು.

ನಮ್ಮ ಅಂಗಡಿಗಳ ಮಟ್ಟದಲ್ಲಿ ತಂತ್ರಾಂಶದ ಪಾಲು ಅಷ್ಟು ದೊಡ್ಡದಲ್ಲ. ಹೊಸ ಪ್ರಿಂಟರ್, ಬೆರಳಚ್ಚು ಓದುವ ಸಾಧನ ಹಾಕಿದ ಮೇಲೆ ಶುರುವಾದರೆ ಅದರ ಡ್ರೈವರನ್ನು ತೆಗೆದು ನೋಡಬೇಕು. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ಆರದೆ ಓಡಿದರೆ ಡ್ರೈವರಿನ ಮೇಲೆ ಅನುಮಾನ ಬಲವಾಗುತ್ತದೆ. ಗಡಿಯಾರ ಹಿಡಿದಂತೆ ಗಂಟೆಗೊಮ್ಮೆ ಆರುವ ಯಂತ್ರ ಸಿಕ್ಕರೆ ವಿಂಡೋಸ್‌ನ ಆವೃತ್ತಿಯನ್ನು ನೋಡಬೇಕು: ಪ್ರಯೋಗಾರ್ಥವಾಗಿ ಕೊಡುವ ‘ಇವ್ಯಾಲ್ಯುಯೇಶನ್’ ಪ್ರತಿಗಳು ಅವಧಿ ಮುಗಿದ ಮೇಲೆ ಗಂಟೆಗೊಮ್ಮೆ ಆರುವಂತೆ ಮಾಡಲ್ಪಟ್ಟಿವೆ. ಅಸಲಿ ಪರವಾನಗಿ ಬಿಟ್ಟರೆ ಇದಕ್ಕೆ ಮದ್ದಿಲ್ಲ. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಒಂದು ದಿನ ಓಡಿಸುವುದು ಇನ್ನೊಂದು ಒಳ್ಳೆಯ ಪರೀಕ್ಷೆ: ಅಲ್ಲೂ ಆರಿದರೆ ವಿಂಡೋಸ್ ನಿರಪರಾಧಿ.

ಫಾರ್ಮ್ಯಾಟ್ ಎಂಬ ಅಭ್ಯಾಸ

ಯಂತ್ರ ಆರುತ್ತದೆ ಎಂದೊಡನೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದು ರಿಪೇರಿ ಅಂಗಡಿಗಳಲ್ಲಿ ಬೇರೂರಿದೆ. ಇದು ಎರಡು ರೀತಿಯಲ್ಲಿ ಕೆಡುಕು. ಕಾರಣ ಹೇಳಬಲ್ಲ ಇವೆಂಟ್ ದಾಖಲೆಗಳನ್ನೂ ನೀಲಿ ಪರದೆಯ ಮಿನಿಡಂಪ್ ಕಡತಗಳನ್ನೂ ಅದು ಅಳಿಸಿಹಾಕುತ್ತದೆ. ಯಂತ್ರ ಒಂದೆರಡು ದಿನ ಚೆನ್ನಾಗಿ ಓಡಿ, ಮುಂದಿನ ಲೋ ವೋಲ್ಟೇಜಿಗೆ ಮತ್ತೆ ಬೀಳುತ್ತದೆ, ಗ್ರಾಹಕರು ಮತ್ತೊಮ್ಮೆ ಹಣ ಕೊಡುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಕಡತಗಳದು. ಡೆಸ್ಕ್‌ಟಾಪ್ ಪರದೆಯ ಮೇಲೆಯೇ ಎಲ್ಲ ಕಡತಗಳನ್ನೂ ಉಳಿಸುವ ರೂಢಿಯಿರುವ ಕಡೆ ಸಿ ಡ್ರೈವ್ ಅಳಿಸಿದರೆ ಸಂಘದ ಲೆಕ್ಕ, ಲಗ್ನಪತ್ರಿಕೆಯ ವಿನ್ಯಾಸ, ವರ್ಷಗಳ ಅರ್ಜಿ ಮಾದರಿಗಳು ಒಟ್ಟಿಗೆ ಹೋಗುತ್ತವೆ.

ಪತ್ತೆ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಅದನ್ನು ಆ ನೋಟ್‌ಪುಸ್ತಕದಲ್ಲಿ ಬರೆಯಬೇಕು, ದೋಷ ಮರಳಲು ಸಾಕಷ್ಟು ಸಮಯ ಕೊಡಬೇಕು. ದಿನಕ್ಕೆ ಐದು ಸಲ ಆರುತ್ತಿದ್ದ ಯಂತ್ರ ಒಂದು ದಿನ ಆರದಿದ್ದರೆ ಅರ್ಥವಿದೆ. ವಾರಕ್ಕೊಮ್ಮೆ ಆರುತ್ತಿದ್ದುದು ಒಂದು ದಿನ ಆರದಿದ್ದರೆ ಏನೂ ಅರ್ಥವಿಲ್ಲ. ಎಸ್‌ಎಂಪಿಎಸ್, ರ‍್ಯಾಮ್ ಎರಡನ್ನೂ ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ, ಒಳ್ಳೆಯದೊಂದು ಗುಜರಿಗೆ ಹೋಗುತ್ತದೆ.

ವಿದ್ಯುತ್ತು, ಎಸ್‌ಎಂಪಿಎಸ್, ಬಿಸಿ, ರ‍್ಯಾಮ್, ಡ್ರೈವರ್ ಎಲ್ಲ ಸರಿಯೆಂದು ಖಚಿತವಾದ ಮೇಲೂ ಆರುತ್ತಿದ್ದರೆ ಉಳಿಯುವುದು ಮದರ್‌ಬೋರ್ಡು. ಹತ್ತು ವರ್ಷ ಹಳೆಯ ಯಂತ್ರಕ್ಕೆ ಹಳೆಯದೇ ಬೋರ್ಡು ಹುಡುಕಿ ಹಾಕಿಸುವುದು ಲಾಭವಲ್ಲ. ಹೊಸದು ಕೊಳ್ಳುವ ಮೊದಲು ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ನಕಲಿಸಿಕೊಳ್ಳಬೇಕು. ‘ನುಡಿ’, ‘ಬರಹ’ದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಜೊತೆಗೆ ತೆಗೆದಿಡಬೇಕು. ಅವು ಇಲ್ಲದೆ ಹೊಸ ಯಂತ್ರದಲ್ಲಿ ಆ ಕನ್ನಡವನ್ನು ಓದಲಾಗುವುದಿಲ್ಲ.